ಬೆನ್ನಿಗೆ ಸೂಜಿ ಹಾಕೋ ಕೆಲಸಕ್ಕೆ ಅರ್ಜಿ

ನಮ್ಮ ಹಾಸನ ಸೀಮೆಯಲ್ಲಿ ಸಿಸೇರಿಯನ್ ಆದ ಯಾವ ಹೆಂಗಸನ್ನಾದರೂ ಕೇಳಿ, ಸೊಂಟ ನೋವಿಗೆ ಕಾರಣ ಒಂದೇ. "ಬೆನ್ನಿಗೆ ಸೂಜಿ ಹಾಕಿದ್ರಲ್ಲ, ಅವತ್ತಿಂದ." ವರ್ಷಗಟ್ಟಲೆ ಬಿಂದಿಗೆ ಹೊತ್ತಿದ್ದು, ಶುಂಠಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತಿದ್ದು ಯಾವುದೂ ಲೆಕ್ಕಕ್ಕಿಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದುಂಟು. ಆದರೆ ಕಾಯಂ ಸೊಂಟ ನೋವಿಗೆ ಅದು ಕಾರಣ ಅಲ್ಲ ಅಂತ ಎಷ್ಟು ಹೇಳಿದರೂ ನಮ್ಮ ದೊಡ್ಡಮ್ಮ ಒಪ್ಪುವುದಿಲ್ಲ. ಈ ಸಲ ರಜೆಗೆ ಬಂದವಳು ಆ ಸೂಜಿ ಹಾಕುವುದನ್ನೇ ಕಲಿಯೋಕೆ ಅರ್ಜಿ ಹಾಕುತ್ತಿದ್ದೇನೆ ಅಂದೆ. "ಇರೋ ಕೆಲಸ ಬಿಟ್ಟು ಇದ್ಯಾಕವ್ವ ನಿಂಗೆ, ನಾಕ್ ಜನದ ಶಾಪ" ಅಂದರು.

ನಾನು ಹಾಸನದಲ್ಲೇ ಬಿಎಸ್ಸಿ ನರ್ಸಿಂಗ್ ಓದಿದವಳು. ಈಗ ಅಮೆರಿಕದ ಓಹಾಯೋದಲ್ಲಿ, ಹೃದಯದ ಆಪರೇಷನ್ ಆದವರನ್ನು ನೋಡಿಕೊಳ್ಳುವ ಐಸಿಯುನಲ್ಲಿ ನರ್ಸ್. ಅರ್ಜಿ ಹಾಕುತ್ತಿರುವುದು ನರ್ಸ್ ಅನಸ್ತೆಟಿಸ್ಟ್ ಓದಿಗೆ, ಅಂದರೆ ಆಪರೇಷನ್‌ಗೆ ಅನಸ್ತೇಶಿಯಾ (ಅರಿವಳಿಕೆ) ಕೊಡುವ ನರ್ಸ್. ಅಲ್ಲಿ ಅವರನ್ನು ಸಿಆರ್‌ಎನ್‌ಎ ಅನ್ನುತ್ತಾರೆ. ನಮ್ಮ ಕಾಲೇಜಿನ ಜೂನಿಯರ್ ಹುಡುಗಿಯರು ವಾಟ್ಸಾಪ್‌ನಲ್ಲಿ "ಅಕ್ಕ, ಅನಸ್ತೇಶಿಯಾ ಕೋರ್ಸ್‌ಗೆ ಏನ್ ಮಾಡ್ಬೇಕು" ಅಂತ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಟೈಪ್ ಮಾಡಿ ಬೆರಳು ನೋಯುತ್ತೆ, ಅದಕ್ಕೇ ಇದು.

ಮೊದಲು ಆಸೆ ಹುಟ್ಟಿದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ. ಮೂರನೇ ವರ್ಷದ ಒಟಿ ಪೋಸ್ಟಿಂಗ್. ಸಿಸೇರಿಯನ್‌ಗೆ ಬಂದಿದ್ದ ಆಲೂರು ಕಡೆಯ ಹೆಣ್ಣುಮಗಳನ್ನು ಟೇಬಲ್ ಮೇಲೆ ಕೂರಿಸಿ, ಅವಳ ಎರಡೂ ಭುಜ ಹಿಡಿದುಕೊಳ್ಳುವುದು ನನ್ನ ಕೆಲಸ. ಅನಸ್ತೇಶಿಯಾ ಡಾಕ್ಟರ್ "ಬೆಕ್ಕಿನ ಥರ ಬೆನ್ನು ಬಾಗಿಸಮ್ಮ" ಅಂದರು. ಸೂಜಿ ಒಳಗೆ ಹೋಯಿತು. ಅದರ ಹಿಂತುದಿಯಲ್ಲಿ ನೀರಿನಷ್ಟು ತಿಳಿಯಾದ ಒಂದು ಹನಿ ಬಂದು ನಿಂತಿತು. ಬೆನ್ನುಹುರಿಯ ಸುತ್ತ ಇರುವ ದ್ರವ ಅದು. ಅಷ್ಟೇ ಸಾಕು, ಸರಿಯಾದ ಜಾಗ. ಮರಗಟ್ಟಿಸುವ ಔಷಧ ಬುಪಿವಕೇನ್ ಕೊಟ್ಟು, ಮಲಗಿಸಿ, ಬಲಪಕ್ಕೆಯ ಅಡಿಗೆ ಒಂದು ಸುರುಳಿ ಸುತ್ತಿದ ಬಟ್ಟೆ ಇಟ್ಟರು. ಎರಡು ನಿಮಿಷಕ್ಕೆ ಅವಳು "ವಾಂತಿ ಬರೋ ಹಂಗಾಯ್ತದೆ" ಅಂದಳು. ನಾನು ಟ್ರೇ ತರಲು ತಿರುಗಿದೆ. ಡಾಕ್ಟರ್ ಟ್ರೇ ಕೇಳಲಿಲ್ಲ, ಮಾನಿಟರ್ ಕಡೆ ಕೂಡ ನೋಡಲಿಲ್ಲ. ಮೊದಲೇ ಎಳೆದಿಟ್ಟಿದ್ದ, ಬಿಪಿ ಏರಿಸುವ ಮೆಫೆಂಟರ್ಮಿನ್ ಸಿರಿಂಜನ್ನು ಕೈಗೆತ್ತಿಕೊಂಡಾಗಿತ್ತು. ಆಮೇಲೆ ಬಿಪಿ ತೋರಿಸಿದರು, ಮೇಲಿನದು 80. "ಸ್ಪೈನಲ್ ಆದ ಮೇಲೆ ವಾಂತಿ ಅಂದ್ರೆ ಮೊದಲು ಬಿಪಿ" ಅಂದರು.

ಬೆನ್ನಿಗೆ ಕೊಟ್ಟ ಔಷಧ ಕೆಳಗಿನ ನರಗಳ ಜೊತೆ ರಕ್ತನಾಳಗಳನ್ನು ಬಿಗಿ ಹಿಡಿಯುವ ನರಗಳನ್ನೂ ಕಟ್ಟಿಬಿಡುತ್ತೆ. ನಾಳ ಸಡಿಲ ಆಗುತ್ತೆ, ಬಿಪಿ ಕುಸಿಯುತ್ತೆ, ಹೊಟ್ಟೆ ತೊಳಸುತ್ತೆ. ಪುಸ್ತಕದಲ್ಲಿ ಇದನ್ನು ಓದಿದ್ದೆ. ಕಣ್ಣೆದುರಿಗೆ ಒಬ್ಬರು ಮುಂದೆ ಆಗುವುದನ್ನು ಮೊದಲೇ ತಿಳಿದು ಸಿರಿಂಜ್ ಎಳೆದಿಟ್ಟಿದ್ದನ್ನು ನೋಡಿದ್ದು ಅವತ್ತು.

ನಮ್ಮ ದೇಶದಲ್ಲಿ ಅನಸ್ತೇಶಿಯಾ ಕೊಡುವುದು ಡಾಕ್ಟರೇ. ನರ್ಸ್‌ಗೆ ಆ ದಾರಿ ಇಲ್ಲ. ಐಸಿಯು ಕಡೆ ಹೋಗುವ ಆಸೆ ಇದ್ದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಎರಡು ವರ್ಷದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಇದೆ, ಚೆನ್ನಾಗಿದೆ, ಆದರೆ ಅದು ಬೇರೆ ಕೆಲಸ. ಅಮೆರಿಕದ ಕಥೆಯೇ ಬೇರೆ. ಅಲ್ಲಿ 1877ರಲ್ಲೇ ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಅನ್ನುವ ಕ್ರೈಸ್ತ ಸನ್ಯಾಸಿನಿ ಅನಸ್ತೇಶಿಯಾ ಕೊಡುತ್ತಿದ್ದರು. ಮೇಯೊ ಆಸ್ಪತ್ರೆಯ ಆಲಿಸ್ ಮ್ಯಾಗಾ ಎಂಬ ನರ್ಸ್ 14,000ಕ್ಕೂ ಜಾಸ್ತಿ ಜನರಿಗೆ ಅನಸ್ತೇಶಿಯಾ ಕೊಟ್ಟು, ಅದರಿಂದ ಒಬ್ಬರೂ ಸಾಯಲಿಲ್ಲ ಅಂತ 1906ರಲ್ಲಿ ಬರೆದರು. ಸಿಆರ್‌ಎನ್‌ಎ ಅನ್ನುವ ಹೆಸರು ಬಂದಿದ್ದು 1956ರಲ್ಲಿ. ಡಾಕ್ಟರ್‌ಗಳ ಸಂಘಕ್ಕೂ ಇವರಿಗೂ ಇವತ್ತಿಗೂ ಜಟಾಪಟಿ ನಿಂತಿಲ್ಲ, ಅದು ಬಿಡಿ.

ಈಗ ಲೆಕ್ಕಾಚಾರ. ಬಿಎಸ್ಸಿ ಬೇಕು, ಎನ್‌ಕ್ಲೆಕ್ಸ್ ಪಾಸಾಗಿ ಅಲ್ಲಿನ ನರ್ಸ್ ಲೈಸೆನ್ಸ್ ಬೇಕು. ಕನಿಷ್ಠ ಒಂದು ವರ್ಷ ಐಸಿಯು ಅನುಭವ ಬೇಕು, ಅದೂ ಅಮೆರಿಕದ ಆಸ್ಪತ್ರೆಯಲ್ಲೇ ಆಗಿರಬೇಕು. ಇಲ್ಲಿ ಐಸಿಯುನಲ್ಲಿ ಎಷ್ಟು ವರ್ಷ ಬೆವರು ಸುರಿಸಿದ್ದರೂ ಅದಕ್ಕೆ ಬೆಲೆ ಇಲ್ಲ. ಇದನ್ನು ಕೇಳಿ ಎಷ್ಟೋ ಜನ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಆದರೆ ಕೈಗೆ ಬಂದ ವಿದ್ಯೆ ಎಲ್ಲೂ ಹೋಗಲ್ಲ ಕಣ್ರೇ. ಜೊತೆಗೆ ಬಹಳಷ್ಟು ಕಾಲೇಜುಗಳು ಐಸಿಯು ನರ್ಸ್‌ಗಳಿಗೆ ಇರುವ ಸಿಸಿಆರ್‌ಎನ್ ಪರೀಕ್ಷೆ ಕೇಳುತ್ತವೆ. ಸಾಮಾನ್ಯ ದಾರಿಯಲ್ಲಿ ಆ ಪರೀಕ್ಷೆಗೆ ಕೂರಲು ಹಿಂದಿನ ಎರಡು ವರ್ಷದಲ್ಲಿ 1,750 ಗಂಟೆ ರೋಗಿಯ ಪಕ್ಕ ಕೆಲಸ ಮಾಡಿರಬೇಕು, ಅದರಲ್ಲಿ 875 ಗಂಟೆ ಈಚಿನ ವರ್ಷದ್ದೇ ಆಗಿರಬೇಕು. ಬಾಣಂತನಕ್ಕೆ ರಜೆ ಹಾಕಿದ ನನ್ನಂಥವರು ಕ್ಯಾಲೆಂಡರ್ ಇಟ್ಟುಕೊಂಡು ಗಂಟೆ ಕೂಡಿಸಬೇಕಾಗುತ್ತೆ. ಕೆಮಿಸ್ಟ್ರಿ ಓದಿ ತುಂಬಾ ವರ್ಷ ಆಗಿದ್ದರೆ ಮತ್ತೆ ಓದಿ ಬಾ ಅನ್ನುವ ಕಾಲೇಜೂ ಉಂಟು. ನಾನು ಹತ್ತೊಂಬತ್ತು ವರ್ಷದ ಹುಡುಗರ ಪಕ್ಕ ಕೂತು ಮತ್ತೆ ಬೆಂಜೀನ್ ರಿಂಗ್ ಬರೆದು ಬಂದೆ.

ರಜೆಯ ಮುಕ್ಕಾಲು ಪಾಲು ತಿಂದಿದ್ದು ಕಾಗದ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ ಆಯಿತು ಅನ್ನುವ ಸಿಲಬಸ್, ಎಲ್ಲಕ್ಕೂ ಸೀಲು. ಒಂದು ಕಚೇರಿಯಲ್ಲಿ ಸೀಲು ಇತ್ತು, ಸಹಿ ಹಾಕುವವರು ಇರಲಿಲ್ಲ. ಅವರು ಬಂದ ದಿನ ಸೀಲಿನ ಬೀರುವಿನ ಬೀಗದ ಕೈ ಇದ್ದವರು ಮದುವೆಗೆ ಹೋಗಿದ್ದರು. ಹಾಸನದಿಂದ ವಿಶ್ವವಿದ್ಯಾಲಯ ಇರುವ ಬೆಂಗಳೂರಿನ ಜಯನಗರಕ್ಕೂ ಜಯನಗರದಿಂದ ಹಾಸನಕ್ಕೂ ಬಸ್ಸಿನಲ್ಲಿ ಓಡಾಡಿ ದಾರಿಯ ಯಡಿಯೂರಿನ ಇಡ್ಲಿ ರುಚಿ ಬಾಯಿಪಾಠ ಆಗಿದೆ.

ಆದರೆ ಇದೆಲ್ಲ ಸುಲಭದ ಭಾಗ. ಕಾಗದ ಇವತ್ತಲ್ಲ ನಾಳೆ ಕೈಗೆ ಬರುತ್ತೆ. ಕಷ್ಟ ಇರುವುದು ನಮ್ಮ ಬಗ್ಗೆ ನಾವೇ ಬರೆಯಬೇಕಾದ ಒಂದೂವರೆ ಪುಟದಲ್ಲಿ. ಜೂನಿಯರ್ಸ್ ಕಳಿಸುವ ಕರಡು ನೋಡುತ್ತೇನೆ. ಎಲ್ಲದರಲ್ಲೂ ಫ್ಲಾರೆನ್ಸ್ ನೈಟಿಂಗೇಲ್, ಎಲ್ಲದರಲ್ಲೂ ಸೇವೆ, ತಾಳ್ಮೆ, ತ್ಯಾಗ. ಅಲ್ಲಿನ ಕಾಲೇಜಿನವರಿಗೆ ಅದು ಬೇಡ. ಆಯ್ಕೆಯ ನಿಯಮದಲ್ಲೇ ಬರೆದಿದ್ದಾರೆ, ಅರ್ಜಿ ಹಾಕುವವರು ಸ್ವಂತವಾಗಿ ನಿರ್ಧಾರ ತೆಗೆದುಕೊಳ್ಳುವವರಾಗಿ ಬೆಳೆದಿರಬೇಕು ಅಂತ. ನಮಗೆ ಕಲಿಸಿದ್ದೇನು? ರೌಂಡ್ಸ್‌ನಲ್ಲಿ ಫೈಲ್ ಹಿಡಿದು ಗೋಡೆಗೆ ಒರಗದೆ ನಿಲ್ಲೋದು, "ಯೆಸ್ ಸರ್" ಅನ್ನೋದು. ಕೊಡುವ ಸರ್ಟಿಫಿಕೇಟ್‌ನಲ್ಲಿ "ನಡತೆ ಉತ್ತಮ". ಅಲ್ಲಿ ಇಂಟರ್‌ವ್ಯೂನಲ್ಲಿ ಮೊದಲೇ ಕೇಳುವ ಪ್ರಶ್ನೆಗಳಲ್ಲಿ ಒಂದು, ಡಾಕ್ಟರ್ ಹೇಳಿದ್ದನ್ನು ನೀವು ಒಪ್ಪದೆ ಹೋದ ಒಂದು ಸಂದರ್ಭ ಹೇಳಿ.

ನಾನು ಬರೆದದ್ದು ಒಂದು ರಾತ್ರಿಯ ಕಥೆ. ಬೈಪಾಸ್ ಆಗಿ ಬಂದ ಅಜ್ಜ. ಎದೆಯಿಂದ ರಕ್ತ ಹೊರಗೆ ಹರಿಸುವ ಟ್ಯೂಬ್‌ನಲ್ಲಿ ಗಂಟೆಗಂಟೆಗೂ ಒಂದಿಷ್ಟು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿತು. ನೋಡಿದವರಿಗೆ ಒಳ್ಳೆಯ ಸುದ್ದಿ, ರಕ್ತಸ್ರಾವ ನಿಂತಿದೆ ಅಲ್ವಾ? ಬಿಪಿ ಇಳಿಯುತ್ತಿತ್ತು. ಕತ್ತಿನ ದೊಡ್ಡ ರಕ್ತನಾಳದ ಒತ್ತಡ ಮಾತ್ರ ಏರುತ್ತಿತ್ತು. ರಾತ್ರಿ ಡ್ಯೂಟಿಯ ಕಿರಿಯ ಡಾಕ್ಟರ್ ಫೋನಿನಲ್ಲಿ ಬಿಪಿ ಏರಿಸುವ ನಾರ್‌ಎಪಿನೆಫ್ರಿನ್ ಔಷಧ ಏರಿಸಿ ಅಂದರು. ಏರಿಸಿದೆ, ಆದರೆ ಫೋನ್ ಇಡಲಿಲ್ಲ. ರಕ್ತ ನಿಂತಿಲ್ಲ, ಟ್ಯೂಬ್ ಕಟ್ಟಿದೆ, ಹೃದಯದ ಸುತ್ತ ತುಂಬಿ ಅದನ್ನು ಅದುಮುತ್ತಿದೆ ಅಂತ ನನಗೆ ಅನಿಸುತ್ತಿದೆ, ನೀವು ಬಂದು ನೋಡಬೇಕು, ಸರ್ಜನ್‌ಗೂ ಈಗಲೇ ಹೇಳುತ್ತಿದ್ದೇನೆ ಅಂದೆ. ಬಂದರು, ಎಕೋ ಮಾಡಿದರು, ಅಜ್ಜನನ್ನು ಮತ್ತೆ ಒಟಿಗೆ ಒಯ್ದರು. ನಾಲ್ಕು ಸಾಲಿನಲ್ಲಿ ಮುಗಿಯುವ ಕಥೆ. ಅದನ್ನು "ನಾನು" ಅಂತ ಶುರು ಮಾಡಿ ಬರೆಯಲು ನನಗೆ ಎಷ್ಟು ಸಂಕೋಚ ಆಯಿತೆಂದರೆ, ಹಾಸನದ ಬಿ.ಎಂ. ರಸ್ತೆಯಲ್ಲಿ ನಿಂತು ಮೈಕ್ ಹಿಡಿದಿದ್ದರೂ ಅಷ್ಟು ಆಗುತ್ತಿರಲಿಲ್ಲ.

ಮನೆಯವರ ಪ್ರಶ್ನೆಗಳು ಬೇರೆ. "ಅಂದ್ರೆ ಡಾಕ್ಟ್ರು ಆಗ್ತೀಯ ಅನ್ನು" ಅಂದರು ಅಪ್ಪ. 2022ರಿಂದ ಸೇರುವ ಎಲ್ಲರಿಗೂ ಅದು ಡಾಕ್ಟರೇಟ್ ಪದವಿ, ಕನಿಷ್ಠ 36 ತಿಂಗಳು. ಹಾಗಾಗಿ ಹೌದು, ಆದರೆ ಅಪ್ಪ ಶುಂಠಿ ಮಂಡಿಯಲ್ಲಿ ಹೇಳಿಕೊಳ್ಳುವ ಅರ್ಥದ ಡಾಕ್ಟರ್ ಅಲ್ಲ. ಮುಗಿಯುವಷ್ಟರಲ್ಲಿ 600 ಕೇಸ್, 2,000 ಗಂಟೆ ಕ್ಲಿನಿಕಲ್ ಆಗಿರಬೇಕು. ಆ ಮೂರು ವರ್ಷ ಕೆಲಸ ಮಾಡಿಕೊಂಡು ಓದುವ ಮಾತೇ ಇಲ್ಲ. ಸಂಬಳ ನಿಲ್ಲುತ್ತೆ, ಸಾಲ ಶುರುವಾಗುತ್ತೆ. ಅಮ್ಮ ಸಾಲದ ಮೊತ್ತವನ್ನು ರೂಪಾಯಿಗೆ ತಿರುಗಿಸಿ ಹೇಳು ಅಂದಳು, ನಾನು ಹೇಳಲಿಲ್ಲ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದವರಿಗೆ "ಅದರ ಅಪ್ಪ" ಅಂದೆ. ಇದನ್ನು ಯಾರೂ ಉತ್ತರ ಅಂತ ಒಪ್ಪಲಿಲ್ಲ.

ಜೂನಿಯರ್ಸ್‌ಗೆ ಒಂದು ಮಾತು. ಈ ಪದವಿ ಹಿಡಿದುಕೊಂಡು ಹಾಸನಕ್ಕೆ ಬಂದರೆ ಇಲ್ಲಿ ಅನಸ್ತೇಶಿಯಾ ಕೊಡಲು ಆಗುವುದಿಲ್ಲ, ಅದನ್ನು ತಿಳಿದುಕೊಂಡೇ ಹೊರಡಿ. ಎನ್‌ಕ್ಲೆಕ್ಸ್ ಆಗದೆ ನನಗೆ ಸಿಆರ್‌ಎನ್‌ಎ ಬಗ್ಗೆ ಮೆಸೇಜ್ ಹಾಕಬೇಡಿ. ಆಗಿದ್ದರೆ, ನೀವು ಡ್ಯೂಟಿಯಲ್ಲಿ ಸ್ವಂತ ತಲೆ ಓಡಿಸಿದ ಒಂದು ದಿನದ ಕಥೆಯನ್ನು ಕನ್ನಡದಲ್ಲೇ ಬರೆದು ಕಳಿಸಿ, ಓದುತ್ತೇನೆ. ನನ್ನ ಅರ್ಜಿಗೆ ಇನ್ನು ಒಂದು ಸಹಿ ಬಾಕಿ. ಸೋಮವಾರ ಬರಲು ಹೇಳಿದ್ದಾರೆ.