ಗಂಟು ಸಡಿಲವಾದ ಜಾಗ

ಮಂಗಳವಾರ ಉಡುಪಿಯಿಂದ ಬರುವಾಗ ದಾರಿಯಿಡೀ ಅಮ್ಮನ ಮಡಿಲಲ್ಲಿದ್ದ ಮಲ್ಲಿಗೆಯನ್ನೇ ನೋಡುತ್ತಾ ಬಂದೆ. ನಡುವೆ ಒಂದು ಗೇಣಿನಷ್ಟು ಗಂಟು ಸಡಿಲ. ಹಿಂದೆ ಮುಂದೆ ಎಲ್ಲ ಬಿಗಿಯೇ. ನಮ್ಮೂರು ಶಂಕರಪುರದಲ್ಲಿ ಯಾರೂ ಹೀಗೆ ಕಟ್ಟುವುದಿಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂದು ನಲವತ್ತು ವರ್ಷ ಲೆಕ್ಕ ತಪ್ಪದೆ ಕಟ್ಟಿದ ಕೈ ಅಮ್ಮನದು.

ಈ ಹೂ ಕಟ್ಟಿದ್ದು ಮಾತ್ರ ಮನೆಯಲ್ಲಲ್ಲ. ಕೌನ್ಸೆಲಿಂಗ್ ಮೇಡಂ ಕೋಣೆಯಲ್ಲಿ.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ನಿದ್ದೆಯೇ ಇಲ್ಲ. ಊಟವೂ ಬೇಡ, ಮಾತೂ ಬೇಡ. ದೈವದ ದರ್ಶನದಲ್ಲಿ ಕೇಳಿ ನೋಡುವ ಎಂದರು ದೊಡ್ಡಮ್ಮ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜನ ಏನಂದಾರು ಎಂದರು ಚಿಕ್ಕಪ್ಪ. ಅಪ್ಪನ ಆಸ್ಪತ್ರೆ ಬಿಲ್ಲು ಬಂದಾಗ ಈ ಚಿಕ್ಕಪ್ಪನಿಗೆ ಜನ ನೆನಪಾಗಿರಲಿಲ್ಲ, ಅದಿರಲಿ. ಒಂದು ರಾತ್ರಿ ತಡೆಯಲಾಗದೆ ನಾನೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಇರುತ್ತಾರೆ. ಕನ್ನಡದಲ್ಲೇ ಮಾತಾಡಿದರು. ಕರ್ಕೊಂಡು ಹೋಗಿ ತೋರಿಸಿ ಎಂದರು.

ಮೊದಲು ಹೋದ ಕಡೆ, "ನಿಮ್ಮ ಭಾವನೆಗಳನ್ನು ಮುಕ್ತವಾಗಿ ವ್ಯಕ್ತಪಡಿಸಿ" ಎಂದರು. ಅಮ್ಮ ನನ್ನ ಕಡೆ ತಿರುಗಿ, "ದಾದ ಪನ್ಪೆರ್?" ಎಂದಳು, ಏನು ಹೇಳ್ತಾರೆ ಎಂದು ತುಳುವಿನಲ್ಲಿ. ಆಮೇಲೆ ಒಂದು ಫಾರ್ಮ್. 9 ಪ್ರಶ್ನೆ, ಕಳೆದ 2 ವಾರದಲ್ಲಿ ಹೀಗಾಯಿತಾ, ಹಾಗಾಯಿತಾ ಎಂದು. ಅಮ್ಮ ಎಲ್ಲದಕ್ಕೂ "ದಾಲ ಇಜ್ಜಿ", ಏನೂ ಇಲ್ಲ. 27 ಅಂಕಕ್ಕೆ ಸೊನ್ನೆ, ಅಂದರೆ ತೊಂದರೆಯೇ ಇಲ್ಲ. ಆ ಕಾಗದದ ಪ್ರಕಾರ ನಮ್ಮ ಮನೆಯಲ್ಲಿ ಅಮ್ಮನಷ್ಟು ಗಟ್ಟಿ ಯಾರೂ ಇಲ್ಲ!

ಈ ಮೇಡಂ ತುಳುವಿನಲ್ಲೇ ಶುರು ಮಾಡಿದರು. ಸ್ವಲ್ಪ ಹೊತ್ತು ಅಮ್ಮನ ಬೆರಳುಗಳನ್ನು ನೋಡಿದರು. ಅವು ಸೆರಗಿನ ಅಂಚಿನಲ್ಲಿ ಇಲ್ಲದ ಹೂವಿಗೆ ಗಂಟು ಹಾಕುತ್ತಿದ್ದವು.

"ಕೈ ಎಂತ ಮಾಡ್ತಾ ಉಂಟು ಅಮ್ಮಾ?"

"ಹೂ ಕಟ್ಟುವ ಕೈ. ಸುಮ್ನೆ ಕೂರುವುದಿಲ್ಲ."

"ಹಾಗಾದ್ರೆ ಮುಂದಿನ ಸಲ ಹೂ ತನ್ನಿ."

ಇಷ್ಟೇ. ಹೂ ತನ್ನಿ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಯಾಕೆಂದರೆ ಅಪ್ಪನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮರುದಿನ, "ಇನ್ನು ಹೂ ಕಟ್ಟುವುದು ಬೇಡಮ್ಮಾ, ಸಾಕು, ರೆಸ್ಟ್ ಮಾಡು" ಎಂದು ಬಾಳೆನಾರಿನ ಕಟ್ಟು ಎತ್ತಿಟ್ಟವಳು ನಾನೇ. ಪ್ರೀತಿಯಿಂದಲೇ. ಗಿಡಗಳನ್ನು ಪಕ್ಕದ ಮನೆಯವರಿಗೆ ಬಿಟ್ಟುಕೊಟ್ಟವಳೂ ನಾನೇ. ಅಮ್ಮ ಏನೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಡಾಕ್ಟರು ಕೊಟ್ಟ ಮಾತ್ರೆ ಈಗಲೂ ಉಂಟು. ಅದು ಬೇರೆಯವರಿಗೂ ಅದೇ ಇರಬಹುದು. ಮಾತು ಮಾತ್ರ ರವಿಕೆಯ ಹಾಗೆ, ಅವರವರ ಅಳತೆಗೇ ಹೊಲಿಯಬೇಕಲ್ವಾ? ಮಗಳಾಗಿ ನಾನು ಆ ಅಳತೆ ತೆಗೆದೇ ಇರಲಿಲ್ಲ.

ಈ ಮಂಗಳವಾರ ನನ್ನನ್ನು ಹೊರಗೆ ಕೂರಿಸಿದರು. ಮುಕ್ಕಾಲು ಗಂಟೆ. ಬಾಗಿಲು ತೆರೆದಾಗ ಅಮ್ಮನ ಕಣ್ಣು ಕೆಂಪಾಗಿತ್ತು. ಒಳಗೆ ಏನು ಹೇಳಿದಳು ಎಂದು ಮೇಡಂ ಹತ್ತಿರ ಮೆಲ್ಲಗೆ ಕೇಳಿದೆ. "ಅದು ಅವರದ್ದು" ಎಂದು ನಕ್ಕರು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಿನ್ನೆ ಮೊನ್ನೆ ಸಿಕ್ಕಿದವರಿಗೆ ಹೇಳಿದ್ದು ನನಗೆ ಯಾಕಿಲ್ಲ?

ಕಟಪಾಡಿಯಲ್ಲಿ ಬಸ್ಸಿಗೆ ಕಾಯುವಾಗ ಆ ಸಡಿಲ ಜಾಗಕ್ಕೆ ಬೆರಳಿಟ್ಟೆ. ಅಮ್ಮ ನನ್ನ ಕೈ ಸರಿಸಿದಳು.

"ಅದನ್ನು ನೋಡ್ಬೇಡ. ಮಾರಲಿಕ್ಕೆ ಆಗುವುದಿಲ್ಲ ಇದು. ತಿರುಗು, ನಿನಗೇ ಮುಡಿಸ್ತೇನೆ."