ಆರಾಮ ಇರೋ ಹೋಲ್‌ಸ್ಟರ್ ಯಾವುದ್ರಿ?

ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರದ ಗಲ್ಲಿಯಲ್ಲಿ ನನ್ನದು ಚರ್ಮದ ಕೆಲಸ. ಬೆಲ್ಟು, ಬ್ಯಾಗು, ಜೊತೆಗೆ ಗನ್ ಲೈಸೆನ್ಸ್ ಇದ್ದವರಿಗೆ ಹೋಲ್‌ಸ್ಟರ್, ಅಂದರೆ ಗನ್ ಮೈಗೆ ಕಟ್ಟಿಕೊಳ್ಳುವ ಚರ್ಮದ ಚೀಲ. ಬಂದವರೆಲ್ಲ ಕೇಳುವುದು ಒಂದೇ. "ಭುಜಕ್ಕ ಹಾಕ್ಕೊಳ್ಳೋದು ಕೊಡ್ರಿ. ಆರಾಮ ಇರಬೇಕು. ಹಾಕ್ಕೊಂಡಿದ್ದು ಗೊತ್ತಾಗಬಾರದು."

ಗೊತ್ತಾಗದೆ ಇರ್ತದೇನ್ರಿ? ಕಾನ್ಪುರದಲ್ಲಿ ಮಾಡುವ .32 ರಿವಾಲ್ವರ್ ಸುಮಾರು 700 ಗ್ರಾಂ. ಅಷ್ಟು ತೂಕದ ಬೆಲ್ಲದ ಉಂಡೆ ಕಂಕುಳಿಗೆ ಕಟ್ಟಿಕೊಂಡು ಒಂದು ದಿನ ಓಡಾಡಿ ಬನ್ನಿ, ಆಮೇಲೆ ಮಾತಾಡೋಣ.

ಉತ್ತರ ಹೇಳಿಬಿಡುತ್ತೇನೆ, ಮತ್ತೆ ಕೇಳಬೇಡಿ. ಪಟ್ಟಿ ಒಂದೂವರೆ ಇಂಚಾದರೂ ಅಗಲ ಇರಲಿ. ಸಣ್ಣ ಪಟ್ಟಿ ಚೆಂದ ಕಾಣುತ್ತದೆ, ಸಂಜೆಗೆ ಹೆಗಲು ಕೊಯ್ಯುತ್ತದೆ. ಬೆನ್ನ ಮೇಲೆ ಪಟ್ಟಿಗಳು ಕೂಡುವ ಜಾಗ ತಿರುಗುವಂತಿರಬೇಕು. ಇಲ್ಲದಿದ್ದರೆ ಕೈ ಎತ್ತಿದಾಗ ಇಡೀ ಸರಂಜಾಮು ಎದ್ದು ಬರುತ್ತದೆ. ಗನ್ ಒಂದು ಕಡೆ, ಗುಂಡಿನ ಚೀಲ ಇನ್ನೊಂದು ಕಡೆ. ಚಕ್ಕಡಿಯಲ್ಲಿ ಒಂದೇ ಮಗ್ಗುಲಿಗೆ ಹೇರು ಹಾಕುತ್ತಾರಾ? ಕೆಳಗೆ ಬೆಲ್ಟಿಗೆ ಸಿಗಿಸುವ ಕೊಂಡಿ ಬೇಕೇ ಬೇಕು.

ಈ ಕೊಂಡಿಗಾಗಿಯೇ ಒಬ್ಬ ಸಾಹುಕಾರರು ಜಗಳಾಡಿದ್ದರು. ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿ. ಸಿನಿಮಾದವರ ಹಾಗೆ ಗನ್ ಅಡ್ಡ ಮಲಗುವ ಹೋಲ್‌ಸ್ಟರೇ ಬೇಕು. "ಕೊಂಡಿ ತಗೀರಿ, ನಾ ಉಡೋದು ಧೋತರ." ನಿಜ, ಧೋತರಕ್ಕೆ ಎಲ್ಲಿಯ ಬೆಲ್ಟು? ತೆಗೆದೆ. ಅಲ್ಲೇ ತಪ್ಪಿದೆ.

ತಿಂಗಳ ಮೇಲೆ ಒಂದು ಮದುವೆ. ಜುಬ್ಬಾ, ಅದರ ಮೇಲೆ ಹೋಲ್‌ಸ್ಟರ್, ಅದರ ಮೇಲೆ ಗುಂಡಿ ಹಾಕದ ಜಾಕೀಟು. ಪಂಕ್ತಿಯಲ್ಲಿ ಕೂತು ಎಲೆಗೆ ಬಗ್ಗಿದರು ನೋಡಿ, ಗನ್ ಜೋಲಿ ಹೊಡೆದು ಹೋಳಿಗೆ ಮೇಲೆ ಬಂದು ನೇತಾಡಿತು. ಬಡಿಸುವ ಹುಡುಗ ಸಾರಿನ ಬಕೆಟ್ ಅಲ್ಲೇ ಬಿಟ್ಟು ಓಡಿದ. ಗನ್ನಿನ ಮೂತಿ ಇದ್ದದ್ದು ಹಿಂದಿನ ಸಾಲಿನ ಬೀಗರ ಕಡೆ. ಅಡ್ಡ ಹೋಲ್‌ಸ್ಟರ್ ಅಂದರೆ ಹಾಗೇ, ಯಾವಾಗಲೂ ಹಿಂದಿದ್ದವರ ಕಡೆಗೇ ಗುರಿ. ಮರುದಿನ ನನಗೆ ಫೋನು: "ನಿನ್ನ ಹೊಲಿಗಿ ಸರಿ ಇಲ್ಲ." ಹೊಲಿಗೆಯಂತೆ! ಆ ಹೊಲಿಗೆ ಇವತ್ತಿಗೂ ಒಂದು ಎಳೆ ಬಿಟ್ಟಿಲ್ಲ.

2016ರ ಆಯುಧ ನಿಯಮದ ಪ್ರಕಾರ ಹೊರಗೆ ಒಯ್ಯುವ ಗನ್ ಪೂರ್ತಿ ಮುಚ್ಚಿರಬೇಕು. ಭುಜದ್ದು ಮುಚ್ಚಬೇಕೆಂದರೆ ಕೋಟು ಬೇಕು. ಏಪ್ರಿಲ್ ಬಿಸಿಲಲ್ಲಿ ಹುಬ್ಬಳ್ಳಿಯಲ್ಲಿ ಕೋಟು ಹಾಕುವವರು ವಕೀಲರು, ಬಿಟ್ಟರೆ ಮದುಮಕ್ಕಳು. ಇಡೀ ದಿನ ಕಾರಿನಲ್ಲಿ ಕೂರುವವರಿಗೆ ಭುಜದ್ದು ಸರಿ. ಉಳಿದವರು ಸುಮ್ನೆ ಸೊಂಟದ್ದು ತಗೊಳ್ಳಿ. ಅದರಲ್ಲಿ ನನಗೆ ದುಡ್ಡು ಕಮ್ಮಿ, ಆದರೂ ಹೇಳುತ್ತಿದ್ದೇನೆ.

ರಾತ್ರಿ ಗನ್ ಎಲ್ಲಿಡಲಿ ಅಂತ ಮಾತ್ರ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನನಗೆ ಅದೇ ಜಾಸ್ತಿ ಚಿಂತೆ. ಚರ್ಮ ತೇವ ಹಿಡಿಯುತ್ತದೆ. ಕ್ರೋಮ್ ರಾಸಾಯನಿಕದಲ್ಲಿ ಹದ ಮಾಡಿದ ಚರ್ಮವಾದರೆ ಅದರ ಉಪ್ಪೂ ಕಬ್ಬಿಣ ತಿನ್ನುತ್ತದೆ. ಹಾಗಾಗಿ ನಾನು ಮರದ ತೊಗಟೆಯಲ್ಲಿ ಹದ ಮಾಡಿದ್ದನ್ನೇ ತರಿಸುತ್ತೇನೆ. ಆದರೂ ಮಳೆಗಾಲದಲ್ಲಿ ಹೋಲ್‌ಸ್ಟರ್ ಸಮೇತ ಕಪಾಟಿಗೆ ತುರುಕಿ, ಆಯುಧ ಪೂಜೆಗೆ ಹೊರಗೆ ತೆಗೆದರೆ ಕುಂಕುಮಕ್ಕಿಂತ ಮೊದಲು ತುಕ್ಕೇ ಕಾಣುತ್ತದೆ. ಗನ್ ಒರೆಸಿ, ಎಣ್ಣೆ ಸವರಿ ಬೀಗದೊಳಗೆ ಇಡಿ. ಗುಂಡು ಬೇರೆ ಬೀಗದೊಳಗೆ. ಹೋಲ್‌ಸ್ಟರ್ ಗೂಟಕ್ಕೆ ನೇತುಹಾಕಿ.

ಇನ್ನೊಂದು. ಅಳತೆಗೆ ಬರುವಾಗ ದಯವಿಟ್ಟು ಗನ್ ತರಬೇಡಿ, ಮರದ ಅಚ್ಚು ನನ್ನ ಹತ್ತಿರ ಇದೆ. ಕೋಟು ತನ್ನಿ.