ಬಸ್ಸಿನಲ್ಲಿ ಆಗುಂಬೆಗೆ ಹೊರಡುವವರಿಗೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಹೆಸರು ಎಷ್ಟು ದೊಡ್ಡದೋ ಊರು ಅಷ್ಟೇ ಚಿಕ್ಕದು ಎಂಬುದನ್ನು ಮೊದಲೇ ತಿಳಿದಿದ್ದರೆ ಅಲ್ಲಿ ನಾನು ಪಟ್ಟ ಪಾಡು ತಪ್ಪುತ್ತಿತ್ತು. ಹೋಬಳಿ ಕೇಂದ್ರವಾದರೂ ಒಂದು ಬಸ್ ನಿಲ್ದಾಣ, ಅದರ ಸುತ್ತ ಬೆರಳೆಣಿಕೆಯ ಅಂಗಡಿ, ಹೋಟೆಲುಗಳು, ಒಂದು ರಥಬೀದಿ, ಇಷ್ಟರಲ್ಲಿ ಪೇಟೆ ಮುಗಿಯುತ್ತದೆ. ಉಳಿದ ಜನರೆಲ್ಲ ತೋಟ, ಗದ್ದೆಗಳ ನಡುವಿನ ಒಂಟಿ ಮನೆಗಳಲ್ಲಿ ಚದುರಿಕೊಂಡಿದ್ದಾರೆ.

2011ರ ಜನಗಣತಿಯ ಪ್ರಕಾರ ಶಿವಮೊಗ್ಗ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 207 ಜನರಿದ್ದರು. ರಾಜ್ಯದ ಸರಾಸರಿ 319. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯದ ಕಾರಣ ಇಂದಿಗೂ ನಮ್ಮ ಕೈಯಲ್ಲಿರುವುದು ಆ ಹಳೆಯ ಲೆಕ್ಕವೇ. ಘಟ್ಟದ ಅಂಚಿನಲ್ಲಿ ವಸತಿ ಈ ಸರಾಸರಿಗಿಂತಲೂ ವಿರಳವೆಂದು ಕಣ್ಣಿಗೇ ಕಾಣುತ್ತದೆ, ಮತ್ತು ಪ್ರವಾಸಿಯ ಮಟ್ಟಿಗೆ ಇದರ ಅರ್ಥ ಬಹಳ ಸರಳ: ಹತ್ತುವ ಜನ ಕಡಿಮೆಯಿರುವಲ್ಲಿ ಬಸ್ಸೂ ಕಡಿಮೆ, ಸಂಜೆಯ ಬಳಿಕವಂತೂ ತೀರಾ ಕಡಿಮೆ. ನಾನು ಉಳಿಯಬೇಕಿದ್ದ ಮನೆಯವರು “ಆಗುಂಬೆಯಲ್ಲೇ ಇಳಿಯಿರಿ” ಎಂದಿದ್ದರು. ಇಳಿದು ವಿಚಾರಿಸಿದಾಗ ಆ ಮನೆ ನಿಲ್ದಾಣದಿಂದ ಮೂರು ಕಿಲೋಮೀಟರ್ ದೂರದಲ್ಲಿತ್ತು, ಮಳೆ ಹೊಯ್ಯುತ್ತಿತ್ತು, ಆಟೋ ಸಿಗಲಿಲ್ಲ. ಆದ್ದರಿಂದ ಊರಿನ ಹೆಸರಷ್ಟನ್ನೇ ಕೇಳದೆ ಯಾವ ತಿರುವಿನಲ್ಲಿ ಇಳಿಯಬೇಕು, ಅಲ್ಲಿಂದ ಎಷ್ಟು ನಡೆಯಬೇಕು ಎಂಬುದನ್ನೂ ಕೇಳಿಕೊಳ್ಳಿ. ಮೊಬೈಲ್ ಸಿಗ್ನಲ್ಲನ್ನು ನೆಚ್ಚಿಕೊಳ್ಳಬೇಡಿ.

ಆಗುಂಬೆಗೆ ರೈಲಿಲ್ಲ. ಬೆಂಗಳೂರಿನಿಂದ ಬರುವವರು ಶಿವಮೊಗ್ಗದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ತೀರ್ಥಹಳ್ಳಿಯ ಮೂಲಕ ಸುಮಾರು 90 ಕಿಲೋಮೀಟರ್ ಬಸ್ಸಿನಲ್ಲಿ ಸಾಗಬೇಕು. ಕರಾವಳಿಯ ಕಡೆಯಿಂದ ಬರುವವರಿಗೆ ಕೊಂಕಣ ರೈಲು ಮಾರ್ಗದ ಉಡುಪಿ ಹತ್ತಿರ. ಅಲ್ಲಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಸುಮಾರು 55 ಕಿಲೋಮೀಟರ್. ಶೃಂಗೇರಿಯಿಂದಲೂ ರಸ್ತೆಯಿದೆ. ಹೀಗೆ ಮೂರು ದಾರಿಗಳು ಕೂಡುವ ಜಾಗವಾದ್ದರಿಂದಲೇ ಇಷ್ಟು ಚಿಕ್ಕ ಊರಿಗೆ ಹಗಲಿನಲ್ಲಿ ಬಸ್ಸುಗಳಿವೆ. ಅವು ಆಗುಂಬೆಗಾಗಿ ಬರುವುದಕ್ಕಿಂತ ಆಗುಂಬೆಯನ್ನು ಹಾದುಹೋಗುವುದೇ ಹೆಚ್ಚು.

ಈ ಭಾಗದಲ್ಲಿ ಖಾಸಗಿ ಬಸ್ಸುಗಳದೇ ಮೇಲುಗೈ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ನಡೆಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದದ್ದನ್ನು ಮಲೆನಾಡಿನ ಹಿರಿಯರು ಈಗಲೂ ಮರುಗುತ್ತ ನೆನೆಯುತ್ತಾರೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸಿಗೆ ಅನ್ವಯಿಸುವುದಿಲ್ಲವಾದ್ದರಿಂದ ಮಹಿಳೆಯರೂ ಟಿಕೆಟ್ಟಿಗೆ ಚಿಲ್ಲರೆ ಇಟ್ಟುಕೊಂಡಿರಬೇಕು. ವೇಳಾಪಟ್ಟಿಯನ್ನು ಜಾಲತಾಣದಲ್ಲಿ ಹುಡುಕುವ ಬದಲು ಇಳಿಯುವಾಗಲೇ ಕಂಡಕ್ಟರನ್ನು ಕೇಳಿ, ನಿಲ್ದಾಣದ ಅಂಗಡಿಯಲ್ಲಿ ಇನ್ನೊಮ್ಮೆ ಖಚಿತಪಡಿಸಿಕೊಳ್ಳುವುದು ಮೇಲು. ಸೂರ್ಯಾಸ್ತ ನೋಡಲು ಹೋಗುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಸೂರ್ಯ ಮುಳುಗುವ ಹೊತ್ತಿಗೆ ಮರಳುವ ಬಸ್ಸೂ ಹೋಗಿಬಿಟ್ಟಿರಬಹುದು. ಒಂದು ರಾತ್ರಿಯ ತಂಗುವಿಕೆಯನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗುವುದು ಕ್ಷೇಮ.

ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ, ಭಾರಿ ವಾಹನಗಳಿಗೆ ನಿರ್ಬಂಧವಿದೆ, ಚಿಕ್ಕ ಬಸ್ಸುಗಳೇ ಓಡಾಡುತ್ತವೆ. ಹಾಗಾಗಿ ದೊಡ್ಡ ಬಸ್ ಬಾಡಿಗೆಗೆ ಪಡೆದು ತಂಡವಾಗಿ ಹೊರಡುವವರು ಮೊದಲೇ ವಿಚಾರಿಸಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗವಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿದು ದಾರಿ ಮುಚ್ಚುವ ಸಂಭವವಿರುವುದರಿಂದ ಹಿಂದಿರುಗುವ ರೈಲಿನ ಟಿಕೆಟ್ಟನ್ನು ಅದೇ ದಿನಕ್ಕೆ ಕಾಯ್ದಿರಿಸಬೇಡಿ. ಉಡುಪಿಯ ರೈಲು ನಿಲ್ದಾಣವಿರುವುದು ಇಂದ್ರಾಳಿಯಲ್ಲಿ, ಬಸ್ ನಿಲ್ದಾಣದಿಂದ ಬೇರೆ ಕಡೆ. ಅಲ್ಲಿಗೆ ತಲುಪುವ ಆಟೋದ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.